ವಿದ್ಯುನ್ಮಾನ ಉದ್ಯಮದ ಪರಿಸರ ವರದಿಗಳು: ಶ್ರಾವಕಾಚಾರದ ಬೆಳಕಿನಲ್ಲಿ ಒಂದು ವಿಮರ್ಶೆ

ಜೈನ ಗೃಹಸ್ಥನಿಗೆ ಜೀವನೋಪಾಯದ ಆಯ್ಕೆಯು ಕೇವಲ ಲಾಭ-ನಷ್ಟದ ಪ್ರಶ್ನೆಯಾಗಿ ಎಂದೂ ಇದ್ದಿಲ್ಲ. ಪಂಡಿತಪ್ರವರ ಆಶಾಧರರು 13ನೆಯ ಶತಮಾನದಲ್ಲಿ ರಚಿಸಿದ 'ಸಾಗಾರಧರ್ಮಾಮೃತ'ದಲ್ಲಿ ಸದ್ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ಮೊಟ್ಟಮೊದಲಿಗೆ ಇಟ್ಟಿರುವುದು ನ್ಯಾಯಮಾರ್ಗದಿಂದ ಧನವನ್ನು ಗಳಿಸುವ ಗುಣವನ್ನು. ಗಳಿಸಿದ್ದನ್ನು ಹೇಗೆ ಕೊಟ್ಟನೆಂಬುದು ಅನಂತರದ ಮಾತು. ಹೇಗೆ ಗಳಿಸಿದನೆಂಬುದು ಮೊದಲ ಮಾತು. ಈ ಕ್ರಮವನ್ನು ಮರೆತವನ ದಾನವು ಕೂಡ ಸಂಶಯಕ್ಕೆ ಒಳಗಾಗುತ್ತದೆ.

ಈ ದೃಷ್ಟಿಯಿಂದಲೇ ಸಮಾಜದ ಅನೇಕ ಮನೆತನಗಳು ಜೀವಹಾನಿ ಕಡಿಮೆಯಾದ ವ್ಯಾಪಾರಗಳನ್ನು ಆರಿಸಿಕೊಂಡವು. ಬೇಸಾಯವನ್ನೇ ಹಿಡಿದ ಶ್ರಾವಕರೂ ತಮ್ಮ ನೇಗಿಲಿನ ಹಿಂಸೆಯನ್ನು ಅರಿತು ಅದಕ್ಕೆ ಮಿತಿಯನ್ನು ಹಾಕಿಕೊಂಡರು. ಈಚಿನ ತಲೆಮಾರಿನಲ್ಲಿ ಅರಿವೆ, ಧಾನ್ಯ, ಆಭರಣಗಳ ಅಂಗಡಿಗಳಿಂದ ಮಕ್ಕಳು ಕಂಪ್ಯೂಟರ್, ಮೊಬೈಲ್, ದೂರದರ್ಶನ ಯಂತ್ರಗಳ ವ್ಯಾಪಾರಕ್ಕೂ, ಅವುಗಳನ್ನು ತಯಾರಿಸುವ ಕಂಪನಿಗಳ ನೌಕರಿಗೂ ಷೇರುಗಳಿಗೂ ಹೊರಳಿದ್ದಾರೆ. ಇಲ್ಲಿ ರಕ್ತವಿಲ್ಲ, ಚರ್ಮವಿಲ್ಲ, ಕುಲುಮೆಯ ಹೊಗೆಯೂ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಇದು ನಿರ್ದೋಷವಾದ ವ್ಯಾಪಾರವೆಂಬ ನಂಬಿಕೆ ಬೇರೂರಿದೆ. ಈ ನಂಬಿಕೆಗೆ ಇಂದು ಮುಖ್ಯ ಆಧಾರವಾಗಿರುವುದು ಕಂಪನಿಗಳು ವರ್ಷವರ್ಷವೂ ಹೊರತರುವ ಪರಿಸರ ವರದಿಗಳು. ಹಾಗಿರುವಾಗ ಆ ವರದಿಗಳನ್ನು ಒಂದು ಗ್ರಂಥವನ್ನು ಓದುವಂತೆಯೇ ಶ್ರದ್ಧೆಯಿಂದಲೂ ಸಂಶಯದಿಂದಲೂ ಓದಿ ಪರೀಕ್ಷಿಸುವುದು ಶ್ರಾವಕನ ಕರ್ತವ್ಯವಾಗುತ್ತದೆ.

ವರದಿ ಎಂಬ ಗ್ರಂಥದ ಸ್ವರೂಪ

ಪಾಶ್ಚಾತ್ಯ ದೇಶಗಳ ದೊಡ್ಡ ಕಂಪನಿಗಳಲ್ಲಿ ಇಂತಹ ವರದಿಗಳ ರೂಢಿ ಬಹಳ ವರ್ಷಗಳಿಂದ ಇದೆ. ಭಾರತದಲ್ಲಿ ಸೆಬಿ ಸಂಸ್ಥೆಯು 2021ರಲ್ಲಿ ಹೊಸ ನಮೂನೆಯೊಂದನ್ನು ಗೊತ್ತುಪಡಿಸಿ, ಷೇರು ಪೇಟೆಯ ಮೊದಲ 1000 ಕಂಪನಿಗಳಿಗೆ 2022-23ನೆಯ ಸಾಲಿನಿಂದ ಅದನ್ನು ಕಡ್ಡಾಯಗೊಳಿಸಿತು. ಇದು ಸ್ವಾಗತಾರ್ಹವಾದ ಕ್ರಮ. ಹಣದ ಲೆಕ್ಕವೊಂದೇ ಲೆಕ್ಕವಲ್ಲ. ನೀರು, ಗಾಳಿ, ಕೂಲಿಕಾರರ ದೇಹ ಇವುಗಳಿಗೂ ಖಾತೆ ಇರಬೇಕೆಂಬುದನ್ನು ಲೋಕವು ಒಪ್ಪಿತೆಂದು ಇದರ ಅರ್ಥ.

ಆದರೆ ಲೆಕ್ಕಪತ್ರಗಳನ್ನು ನೋಡಿ ಪಳಗಿದ ಕಣ್ಣಿಗೆ ಈ ವರದಿಗಳ ರಚನೆಯಲ್ಲಿಯೇ ಕೆಲವು ವಿಚಾರಗಳು ಗೋಚರಿಸುತ್ತವೆ. ಅಢಾವೆ ಪತ್ರಿಕೆಯಲ್ಲಿ ಆಸ್ತಿ ಒಂದು ಕಡೆ, ಹೊಣೆ ಇನ್ನೊಂದು ಕಡೆ, ಎರಡೂ ತಾಳೆಯಾಗಲೇಬೇಕು. ಪರಿಸರ ವರದಿಯಲ್ಲಿ ಜಮಾ ಪುಟಗಳೇ ಹೆಚ್ಚು. ನೆಟ್ಟ ಮರ, ಉಳಿಸಿದ ನೀರು, ಮರುಬಳಸಿದ ಅಲ್ಯೂಮಿನಿಯಂ ಇವು ದೊಡ್ಡ ಅಕ್ಷರದಲ್ಲಿ ಬರುತ್ತವೆ. ಖರ್ಚಿನ ಪುಟಗಳು ಕೊನೆಯ ಅನುಬಂಧದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತವೆ.

ಅಳತೆಯ ವಿಷಯವನ್ನು ನೋಡೋಣ. ಒಂದೊಂದು ಫೋನಿಗೆ ತಗಲುವ ಹಾನಿ ನಾಲ್ಕರಲ್ಲಿ ಒಂದು ಪಾಲು ತಗ್ಗಿತೆಂದು ವರದಿಯೊಂದು ಹೇಳಿತೆನ್ನೋಣ. ಅದೇ ಅವಧಿಯಲ್ಲಿ ಫೋನುಗಳ ಸಂಖ್ಯೆ ಎರಡು ಪಟ್ಟಾಗಿದ್ದರೆ ಒಟ್ಟು ಹಾನಿ ತಗ್ಗಲಿಲ್ಲ, ಒಂದೂವರೆ ಪಟ್ಟಾಯಿತು. ಮಾತು ಸುಳ್ಳಲ್ಲ, ಅಳತೆಗೋಲು ಮಾತ್ರ ಹೇಳುವವನ ಅನುಕೂಲಕ್ಕೆ ತಕ್ಕದ್ದು. ಕೊಳ್ಳುವಾಗ ಒಂದು ಬಳ್ಳ, ಮಾರುವಾಗ ಇನ್ನೊಂದು ಬಳ್ಳ ಇಟ್ಟುಕೊಳ್ಳುವುದನ್ನು ಉಮಾಸ್ವಾಮಿಗಳ 'ತತ್ತ್ವಾರ್ಥಸೂತ್ರ'ವು ಹೀನಾಧಿಕಮಾನೋನ್ಮಾನವೆಂದು ಕರೆದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಅದನ್ನು ಸುಳ್ಳಿನ ಕೆಳಗೆ ಸೇರಿಸದೆ ಕಳವಿನ ಕೆಳಗೆ ಸೇರಿಸಿರುವುದು ವ್ಯಾಪಾರಿಗಳು ಮನಗಾಣಬೇಕಾದ ಸಂಗತಿ.

ಶುದ್ಧ ಕೋಣೆಯ ಒಳಗೆ

ವಿದ್ಯುನ್ಮಾನ ಉದ್ಯಮವು ಹುಟ್ಟಿನಿಂದಲೂ ಶುಚಿತ್ವದ ಹೆಸರನ್ನು ಹೊತ್ತು ಬಂದಿದೆ. ಚಿಪ್‌ಗಳನ್ನು ತಯಾರಿಸುವ ಸ್ಥಳಕ್ಕೆ ಶುದ್ಧ ಕೋಣೆಯೆಂದೇ ಹೆಸರು. ಕೆಲಸಗಾರರು ಅಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿಯ ನಿಲುವಂಗಿ ತೊಟ್ಟು, ಮುಖಪಟ್ಟಿ ಕಟ್ಟಿಕೊಂಡು ಓಡಾಡುವುದನ್ನು ಚಿತ್ರಗಳಲ್ಲಿ ನೋಡಿದವರಿಗೆ ಯಾವುದೋ ವ್ರತನಿಷ್ಠರ ಆಶ್ರಮವನ್ನು ಕಂಡಂತೆ ಭಾಸವಾದರೆ ಆಶ್ಚರ್ಯವಿಲ್ಲ. ಆದರೆ ಆ ನಿಲುವಂಗಿಯು ಮೂಲತಃ ಮನುಷ್ಯನ ರಕ್ಷಣೆಗಾಗಿ ಹುಟ್ಟಿದ್ದಲ್ಲ. ಮನುಷ್ಯನ ಮೈಯ ಧೂಳು ಸಿಲಿಕಾನ್ ತಟ್ಟೆಗೆ ತಾಗದಿರಲೆಂದು ಹುಟ್ಟಿದ್ದು. ಕೋಣೆ ಶುದ್ಧವಾಗಿರುವುದು ವಸ್ತುವಿಗೆ. ಅದರೊಳಗೆ ಬಳಕೆಯಾಗುವ ದ್ರಾವಕಗಳ ಆವಿಯು ಉಸಿರಾಡುವ ಜೀವಕ್ಕೆ ಶುದ್ಧವೇ ಎಂಬುದು ಬೇರೆ ಪ್ರಶ್ನೆ.

ಈ ಪ್ರಶ್ನೆ ಮೊದಲು ಎದ್ದದ್ದು ಉದ್ಯಮದ ತವರಾದ ಕ್ಯಾಲಿಫೋರ್ನಿಯದಲ್ಲಿಯೇ. 1981ರ ಕೊನೆಯಲ್ಲಿ ಸ್ಯಾನ್ ಹೋಸೆ ನಗರದ ಫೇರ್‌ಚೈಲ್ಡ್ ಚಿಪ್ ಕಾರ್ಖಾನೆಯ ನೆಲದೊಳಗಿನ ತೊಟ್ಟಿಯಿಂದ ದ್ರಾವಕವು ಸೋರಿ, ನೆರೆಹೊರೆಯ ಮನೆಗಳಿಗೆ ನೀರು ಕೊಡುತ್ತಿದ್ದ ಬಾವಿಯನ್ನು ಸೇರಿದ್ದು ಪತ್ತೆಯಾಯಿತು. ಮರುವರ್ಷ ಸುದ್ದಿ ಜನರಿಗೆ ತಿಳಿದು, ಸಿಲಿಕಾನ್ ಕಣಿವೆಯ ವಿಷವಸ್ತುಗಳ ವಿರುದ್ಧ ನಾಗರಿಕರ ಕೂಟವೊಂದು ಹುಟ್ಟಿಕೊಂಡಿತು. ಇಂದು ಅಮೆರಿಕದ ಕೇಂದ್ರ ಸರ್ಕಾರವು ವಿಷಪೀಡಿತವೆಂದು ಗುರುತಿಸಿ ಶುದ್ಧೀಕರಣಕ್ಕೆ ತೆಗೆದುಕೊಂಡ ಸ್ಥಳಗಳಲ್ಲಿ 20ಕ್ಕೂ ಹೆಚ್ಚು ಆ ಒಂದೇ ಜಿಲ್ಲೆಯಲ್ಲಿವೆ. ಹೊಗೆಯ ಕೊಳವೆಗಳಿಲ್ಲದ ಉದ್ಯಮವು ತನ್ನ ಹೊಗೆಯನ್ನು ನೆಲದೊಳಗೆ ಬಿಟ್ಟಿತ್ತು.

ಅನಂತರ ಉದ್ಯಮವು ಪೂರ್ವಕ್ಕೆ ಸಾಗಿತು. ಪ್ರಶ್ನೆಯೂ ಅದರ ಹಿಂದೆಯೇ ಸಾಗಿತು. ತೈವಾನಿನ ತಾವೊಯುವಾನ್‌ನಲ್ಲಿ ಆರ್‌ಸಿಎ ಕಂಪನಿ ತೆರೆದ ದೂರದರ್ಶನ ಯಂತ್ರಗಳ ಕಾರ್ಖಾನೆ 1992ರಲ್ಲಿ ಮುಚ್ಚಿತು. ಅಂತರ್ಜಲಕ್ಕೆ ದ್ರಾವಕ ಸೇರಿರುವ ಸಂಗತಿ 1994ರಲ್ಲಿ ಹೊರಬಿತ್ತು. ಕ್ಯಾನ್ಸರಿಗೆ ತುತ್ತಾದ ಕೆಲಸಗಾರರ ಪರವಾಗಿ ತೈಪೆಯ ನ್ಯಾಯಾಲಯ ತೀರ್ಪಿತ್ತದ್ದು 2015ರಲ್ಲಿ. ದಕ್ಷಿಣ ಕೊರಿಯದಲ್ಲಿ ಸ್ಯಾಮ್‌ಸಂಗ್ ಕಂಪನಿಯ ಚಿಪ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ 22 ವರ್ಷದ ಯುವತಿಯೊಬ್ಬಳು 2007ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಟ್ಯಾಕ್ಸಿ ಓಡಿಸುತ್ತಿದ್ದ ಅವಳ ತಂದೆ ನ್ಯಾಯ ಕೇಳಲು ಹೊರಟರು. ಅವರ ಜೊತೆಗೆ ಅಂತಹುದೇ ನೋವುಂಡ ಕುಟುಂಬಗಳು ಸೇರಿದವು. ಕಂಪನಿಯು ಬಹಿರಂಗವಾಗಿ ಕ್ಷಮೆ ಕೋರಿ ಪರಿಹಾರಕ್ಕೆ ಒಪ್ಪಿದ್ದು 2018ರ ನವೆಂಬರಿನಲ್ಲಿ. ನಡುವಿನ 11 ವರ್ಷಗಳೂ ವರದಿಗಳು ಪ್ರಕಟವಾಗುತ್ತಲೇ ಇದ್ದವು.

ಆ ಹೋರಾಟದಲ್ಲಿ ಅಡ್ಡಬಂದ ಒಂದು ಮಾತು ವಿಚಾರಣೀಯವಾಗಿದೆ. ಕಾರ್ಖಾನೆಯಲ್ಲಿ ಯಾವ ರಾಸಾಯನಿಕಗಳು ಬಳಕೆಯಾಗುತ್ತಿದ್ದವೆಂಬ ವಿವರವನ್ನು ವ್ಯಾಪಾರದ ಗುಟ್ಟೆಂದು ತಡೆಹಿಡಿಯಲಾಯಿತು. ಗುಟ್ಟನ್ನು ಕಾಯುವುದು ವ್ಯಾಪಾರಧರ್ಮವೇ. ಪರರ ಗುಟ್ಟನ್ನು ಬಯಲು ಮಾಡುವುದನ್ನು ಸತ್ಯಾಣುವ್ರತದ ಅತಿಚಾರವೆಂದು ಆಚಾರ್ಯರು ಹೇಳಿದ್ದಾರೆ. ಆದರೆ ಉಳಿದ ವ್ರತಗಳೆಲ್ಲವೂ ಅಹಿಂಸೆಯೆಂಬ ಬೆಳೆಗೆ ಹಾಕಿದ ಬೇಲಿಯಂತೆ ಇರತಕ್ಕವು. ಜೀವಘಾತಕವಾದ ಸತ್ಯವನ್ನೇ ಆಡಬಾರದೆಂದ ಮೇಲೆ ಜೀವಘಾತಕವಾದ ಗುಟ್ಟನ್ನು ಕಾಯುವುದು ಎಲ್ಲಿಯ ವ್ರತ? ವೈದ್ಯನಿಗೆ ತನ್ನ ರೋಗಿ ಏನನ್ನು ಉಸಿರಾಡಿದನೆಂದು ತಿಳಿಯಗೊಡದ ಗುಟ್ಟು ವ್ಯಾಪಾರದ ಗುಟ್ಟಲ್ಲ.

ಮಾಡಿದವನು, ಮಾಡಿಸಿದವನು, ಮೆಚ್ಚಿದವನು

ವರದಿಗಳ ಅತಿ ದುರ್ಬಲವಾದ ಸ್ಥಳವೆಂದರೆ ಹೊಣೆಯ ಹಂಚಿಕೆ. ಹೆಸರಾಂತ ಕಂಪನಿಗಳು ಇಂದು ತಮ್ಮ ವಸ್ತುಗಳ ಹೆಚ್ಚಿನ ಪಾಲನ್ನು ಸ್ವತಃ ತಯಾರಿಸುವುದಿಲ್ಲ. ಗಣಿ ಒಬ್ಬನದು, ಕರಗಿಸುವ ಕುಲುಮೆ ಇನ್ನೊಬ್ಬನದು, ಬಿಡಿಭಾಗ ಮತ್ತೊಬ್ಬನದು, ಜೋಡಣೆ ಮಗದೊಬ್ಬನದು. ಮುದ್ರೆಯೂ ಲಾಭದ ದೊಡ್ಡ ಪಾಲೂ ಮಾತ್ರ ಕಂಪನಿಯವು. ಹಾನಿ ಸಂಭವಿಸಿದಾಗ ಅದು ಸರಬರಾಜುದಾರನ ತಪ್ಪೆಂದು ಬರೆಯಲಾಗುತ್ತದೆ.

ಜೈನ ಕರ್ಮಸಿದ್ಧಾಂತವು ಈ ಹಂಚಿಕೆಯನ್ನು ಒಪ್ಪುವುದಿಲ್ಲ. ಕೃತ, ಕಾರಿತ, ಅನುಮತ ಎಂಬ ಮೂರು ಬಗೆಗಳಲ್ಲಿ ಕರ್ಮಾಸ್ರವವಾಗುತ್ತದೆ. ತಾನೇ ಮಾಡಿದ್ದು ಒಂದು, ಪರರಿಂದ ಮಾಡಿಸಿದ್ದು ಎರಡು, ಪರರು ಮಾಡಿದ್ದಕ್ಕೆ ಸಮ್ಮತಿಸಿದ್ದು ಮೂರು. ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಒಬ್ಬನು ಎಸಗಿದ ಹಿಂಸೆಗೆ ಅನೇಕರು ಫಲಭಾಗಿಗಳಾಗುವ, ಅನೇಕರು ಎಸಗಿದ ಹಿಂಸೆಗೆ ಒಬ್ಬನೇ ಫಲಭಾಗಿಯಾಗುವ ಸೂಕ್ಷ್ಮವನ್ನು ವಿಚಾರ ಮಾಡಿದ್ದಾರೆ. ಇಂದಿನ ಸರಬರಾಜು ಸರಪಳಿಗೆ ಈ ವಿಚಾರವು ನೇರವಾಗಿ ಅನ್ವಯಿಸುತ್ತದೆ. ಪಾಶ್ಚಾತ್ಯ ಲೆಕ್ಕಶಾಸ್ತ್ರವೂ ಈ ದಾರಿಗೆ ಬರುತ್ತಿದೆ. ಇಂಗಾಲದ ಲೆಕ್ಕದಲ್ಲಿ ಸ್ವಂತ ಕಾರ್ಖಾನೆಯದು, ಕೊಂಡ ವಿದ್ಯುತ್ತಿನದು, ಸರಪಳಿಯ ಉಳಿದೆಲ್ಲದ್ದು ಎಂದು ಮೂರು ವಲಯಗಳನ್ನು ಮಾಡಿ, ಮೂರನೆಯದಕ್ಕೆ 2011ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನು ರಚಿಸಿದರು. ಹೋಲಿಕೆ ಪೂರ್ಣವಲ್ಲ; ಆದರೂ ಮಾಡಿಸಿದವನೂ ಲೆಕ್ಕದೊಳಗೆ ಬರಬೇಕೆಂಬ ತತ್ತ್ವ ಒಂದೇ.

ಚೀನಾದ ಸುಝೌ ನಗರದ ಪ್ರಕರಣ ಇದಕ್ಕೆ ಉತ್ತಮ ನಿದರ್ಶನ. 2009ರಲ್ಲಿ ವಿನ್‌ಟೆಕ್ ಎಂಬ ತೈವಾನ್ ಮೂಲದ ಕಂಪನಿಯ ಕಾರ್ಖಾನೆಯಲ್ಲಿ ಸ್ಪರ್ಶಪರದೆಗಳನ್ನು ಒರೆಸಲು ಆಲ್ಕೋಹಾಲಿನ ಬದಲು ಎನ್-ಹೆಕ್ಸೇನ್ ಎಂಬ ದ್ರಾವಕವನ್ನು ಬಳಸಿದರು. ಅದು ಬೇಗ ಆರುತ್ತದೆ. ಬೇಗ ಆರಿದಷ್ಟು ಹೆಚ್ಚು ಪರದೆಗಳನ್ನು ಒರೆಸಬಹುದು. ಅದರ ಆವಿಯು ಕೈಕಾಲುಗಳ ನರಗಳನ್ನು ಕೆಡಿಸುತ್ತದೆ. ಗಾಳಿ ಸರಿಯಾಗಿ ಆಡದ ಕೋಣೆಯಲ್ಲಿ ದುಡಿದವರ ಬೆರಳುಗಳು ಜೋಮು ಹಿಡಿದು, ನಡೆಯಲೂ ಕಷ್ಟವಾಯಿತು. 137 ಮಂದಿ ಪೀಡಿತರಾದರೆಂದು ಆ ಪರದೆಗಳನ್ನು ಕೊಳ್ಳುತ್ತಿದ್ದ ಆಪಲ್ ಕಂಪನಿಯೇ 2011ರ ತನ್ನ ವರದಿಯಲ್ಲಿ ಒಪ್ಪಿಕೊಂಡಿತು. ಚೀನಾದ ಪರಿಸರವಾದಿ ಮಾ ಜುನ್ ಮತ್ತು ಅವರ ಸಂಸ್ಥೆಯು ಅದೇ ವರ್ಷದ ಜನವರಿಯಲ್ಲಿ ಕಂಪನಿಯ ಇನ್ನೊಂದು ಮುಖವನ್ನು ಕುರಿತು ಪ್ರಕಟಿಸಿದ ವರದಿಯ ಒತ್ತಡವೂ ಇದರ ಹಿಂದೆ ಇತ್ತು. 2014ರಲ್ಲಿ ಅಂತಿಮ ಜೋಡಣೆಯ ಕೆಲಸದಲ್ಲಿ ಎನ್-ಹೆಕ್ಸೇನ್ ಮತ್ತು ಬೆಂಜೀನ್‌ಗಳನ್ನು ಆಪಲ್ ನಿಷೇಧಿಸಿತು.

ವರದಿಯಲ್ಲಿ ತಪ್ಪನ್ನು ಸಂಖ್ಯೆ ಸಹಿತ ಬರೆದದ್ದು ಪ್ರಶಂಸನೀಯ. ಹಾಗೆ ಬರೆಯದ ಕಂಪನಿಗಳು ಬಹಳ. ಆದರೆ ಬರೆದ ರೀತಿಯನ್ನು ಗಮನಿಸಬೇಕು. ದ್ರಾವಕವನ್ನು ಬದಲಾಯಿಸಿದವನು ಗುತ್ತಿಗೆದಾರನೆಂಬುದು ನಿಜ. ಅವನು ಬೇಗ ಆರುವ ದ್ರಾವಕವನ್ನು ಏಕೆ ಹುಡುಕಿದನು? ಬೆಲೆಯನ್ನೂ ಗಡುವನ್ನೂ ಗೊತ್ತುಪಡಿಸಿದವರು ಯಾರು? ಕಾರಿತವೆಂಬ ಶಬ್ದಕ್ಕೆ ವರದಿಯಲ್ಲಿ ಸ್ಥಳವಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಬೆನ್ನಿಗೆ ಅಳತೆ ಮೀರಿ ಹೊರೆ ಹೇರುವವನು ಅದನ್ನು ಕೊಲ್ಲಲು ಬಯಸುವುದಿಲ್ಲ. ಸರಕು ಬೇಗ ಮುಟ್ಟಲಿ ಎಂದಷ್ಟೇ ಬಯಸುತ್ತಾನೆ. ದೋಷ ತಗಲುವುದು ಆ ಬಯಕೆಗೇ.

ಕರ್ನಾಟಕಕ್ಕೂ ಇದು ದೂರದ ಮಾತಲ್ಲ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನುಗಳನ್ನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಷಯವಾಗಿ ದಾಂಧಲೆ ನಡೆಯಿತು. ಕಲ್ಲು ಹೊಡೆದದ್ದು ಹಿಂಸೆಯೇ, ಅದಕ್ಕೆ ಸಮರ್ಥನೆಯಿಲ್ಲ. ಆದರೆ ದುಡಿಮೆಯ ಅವಧಿಯ ಲೆಕ್ಕದಲ್ಲಿ ಲೋಪಗಳಿದ್ದವು, ಸಂಬಳ ತಡವಾಗಿತ್ತು ಎಂಬುದು ಅನಂತರ ಸ್ಪಷ್ಟವಾಯಿತು. ಆಪಲ್ ಕಂಪನಿಯು ಆ ಗುತ್ತಿಗೆದಾರನಿಗೆ ಹೊಸ ಕೆಲಸ ಕೊಡುವುದನ್ನು ಕೆಲಕಾಲ ನಿಲ್ಲಿಸಿತು. ಅನ್ನಪಾನಗಳನ್ನು ತಡೆಯುವುದು ಇನ್ನೊಂದು ಅತಿಚಾರ. ಕೂಲಿಯನ್ನು ತಡೆಯುವುದು ಅದರ ಇಂದಿನ ರೂಪವೆಂದರೆ ತಪ್ಪಾಗಲಾರದು. ಆ ಕಾರ್ಖಾನೆ 2023ರಲ್ಲಿ ಟಾಟಾ ಸಮೂಹದ ಕೈಸೇರಿತು. ಆಡಳಿತ ಬದಲಾದರೂ ಪಾಠ ಉಳಿಯಬೇಕು.

ಪಟ್ಟಿಗಳ ಮಿತಿ

ಸರ್ಕಾರಗಳು ಈ ಹಾನಿಗಳನ್ನು ತಡೆಯಲು ಪಟ್ಟಿಗಳನ್ನು ಮಾಡಿವೆ. ಯುರೋಪಿನ ಒಕ್ಕೂಟವು 2006ರ ಜುಲೈ 1ರಿಂದ ಸೀಸ, ಪಾದರಸ, ಕ್ಯಾಡ್ಮಿಯಂ, ಒಂದು ಬಗೆಯ ಕ್ರೋಮಿಯಂ, ಬೆಂಕಿ ತಡೆಯುವ ಎರಡು ಬಗೆಯ ಬ್ರೋಮಿನ್ ಸಂಯುಕ್ತಗಳು ಹೀಗೆ ಆರು ವಸ್ತುಗಳಿಗೆ ಮಿತಿ ಹಾಕಿತು. ಇದರಿಂದ ಲೋಕಕ್ಕೆಲ್ಲ ಉಪಕಾರವಾಯಿತು. ಒಂದು ಕಡೆ ಮಾರಲಾಗದ ವಸ್ತುವನ್ನು ಇನ್ನೊಂದು ಕಡೆಗೆಂದು ಬೇರೆಯಾಗಿ ತಯಾರಿಸುವುದು ಕಂಪನಿಗಳಿಗೆ ಲಾಭವಲ್ಲದ ಕಾರಣ ಬೇರೆ ದೇಶಗಳ ಸರಕಿನಲ್ಲಿಯೂ ವಿಷ ತಗ್ಗಿತು. ವರದಿಗಳು ಈ ಪಟ್ಟಿಯ ಪಾಲನೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ.

ಪಟ್ಟಿಯ ಬಲವೂ ದೌರ್ಬಲ್ಯವೂ ಜೈನ ಪರಂಪರೆಗೆ ಹೊಸದಲ್ಲ. ಗೃಹಸ್ಥನಿಗೆ ವರ್ಜ್ಯವಾದ 15 ಖರಕರ್ಮಗಳ ಪಟ್ಟಿಯೊಂದು ಪ್ರಸಿದ್ಧವಾಗಿದೆ. ಇದ್ದಿಲು ಸುಡುವುದು, ಕಾಡು ಕಡಿಯುವುದು, ನೆಲ ಒಡೆಯುವುದು, ವಿಷದ ವ್ಯಾಪಾರ, ಕೆರೆಗಳನ್ನು ಬತ್ತಿಸುವುದು ಮೊದಲಾದವು ಅದರಲ್ಲಿವೆ. ಚಿಪ್ ಉದ್ಯಮವನ್ನು ಈ ಪಟ್ಟಿಯ ಮುಂದೆ ನಿಲ್ಲಿಸಿದರೆ ಗಣಿ, ವಿಷ, ನೀರು ಮೂರೂ ಕಡೆಗಳಲ್ಲಿ ಅದು ಉತ್ತರ ಕೊಡಬೇಕಾಗುತ್ತದೆ. ಆದರೆ ಆಶಾಧರರು ಈ ಪಟ್ಟಿಯನ್ನು ಉಲ್ಲೇಖಿಸಿ ಮುಂದುವರಿದು ಹೇಳಿದ ಮಾತು ಇನ್ನೂ ಮುಖ್ಯವಾದುದು. ಲೋಕದಲ್ಲಿ ಸಾವದ್ಯ ಕರ್ಮಗಳು ಎಣಿಕೆಗೆ ಸಿಗತಕ್ಕವಲ್ಲವಾದ್ದರಿಂದ ಇಷ್ಟೇ ಎಂದು ಪಟ್ಟಿ ಮಾಡುವುದು ಸಮಂಜಸವಲ್ಲ, ತೀರ ಮಂದಮತಿಗಳಿಗೆ ಬೇಕಾದರೆ ಹಾಗೆ ಹೇಳಬಹುದು ಎಂಬುದು ಅವರ ಅಭಿಪ್ರಾಯ.

ಸುಝೌ ಪ್ರಕರಣವು ಈ ಅಭಿಪ್ರಾಯಕ್ಕೆ ಬರೆದ ಭಾಷ್ಯದಂತಿದೆ. ಎನ್-ಹೆಕ್ಸೇನ್ ಆ ಆರರ ಪಟ್ಟಿಯಲ್ಲಿ ಇರಲಿಲ್ಲ. ಒರೆಸಿದ ಮೇಲೆ ಅದು ಆವಿಯಾಗಿ ಹೋಗುವುದರಿಂದ ಕೊಂಡವನ ಕೈಗೆ ಬಂದ ಫೋನಿನಲ್ಲಿ ಅದರ ಲೇಶವೂ ಉಳಿಯುವುದಿಲ್ಲ. ವಸ್ತುವನ್ನು ಪರೀಕ್ಷಿಸಿದರೆ ಶುದ್ಧ. ಒರೆಸಿದವಳ ಕೈಯನ್ನು ಪರೀಕ್ಷಿಸಿದರೆ ಮಾತ್ರ ದೋಷ ಕಾಣುತ್ತದೆ. ಪಟ್ಟಿಯು ಕೊಳ್ಳುವವನನ್ನು ಕಾಯಿತು, ಮಾಡುವವನನ್ನು ಕಾಯಲಿಲ್ಲ. ಹಿಂಸೆಯ ಮೂಲ ಪ್ರಮಾದದಲ್ಲಿದೆ, ಎಂದರೆ ಎಚ್ಚರಗೇಡಿತನದಲ್ಲಿದೆ ಎಂದು ತತ್ತ್ವಾರ್ಥಸೂತ್ರವು ಲಕ್ಷಣವನ್ನು ಮಾಡಿದ್ದು ಇದಕ್ಕಾಗಿಯೇ. ಅಪ್ರಮಾದಕ್ಕೆ ಪಟ್ಟಿ ಸಹಾಯಕವಾಗಬಹುದು. ಅದರ ಸ್ಥಾನವನ್ನು ತುಂಬಲಾರದು.

ಕಾಗದದ ಮೇಲಿನ ಪ್ರಾಯಶ್ಚಿತ್ತ

ಈಚಿನ ವರದಿಗಳಲ್ಲಿ ಇಂಗಾಲ ತಟಸ್ಥವೆಂಬ ಶಬ್ದ ಹೆಚ್ಚಾಗಿ ಕಾಣುತ್ತದೆ. ತಾನು ಬಿಟ್ಟ ಇಂಗಾಲದಷ್ಟನ್ನು ಬೇರೆಲ್ಲೋ ಮರ ನೆಟ್ಟು ಹೀರಿಸಿ, ಜಮೆಗೂ ಖರ್ಚಿಗೂ ವಜಾ ಹಾಕಿ ಸೊನ್ನೆ ತೋರಿಸುವುದು ಇದರ ತಿರುಳು. ಆಪಲ್ ಕಂಪನಿ 2023ರಲ್ಲಿ ತನ್ನ ಕೆಲವು ಕೈಗಡಿಯಾರಗಳನ್ನು ಹೀಗೆ ತಟಸ್ಥವೆಂದು ಸಾರಿತು. ತಗ್ಗಿಸಲಾಗದೆ ಉಳಿದ ಭಾಗಕ್ಕೆ ತೋರಿಸಿದ ಜಮೆಯಲ್ಲಿ ದಕ್ಷಿಣ ಅಮೆರಿಕದ ಪರಾಗ್ವೆಯ ನೀಲಗಿರಿ ತೋಪುಗಳೂ ಸೇರಿದ್ದವು. ಜರ್ಮನಿಯ ಪರಿಸರ ಸಂಸ್ಥೆಯೊಂದು ದಾವೆ ಹೂಡಿತು. ತೋಪಿನ ಭೂಮಿಯಲ್ಲಿ ಮುಕ್ಕಾಲು ಪಾಲಿನ ಗೇಣಿ 2029ರಲ್ಲಿ ಮುಗಿಯುತ್ತದೆ, ಅನಂತರದ ಭರವಸೆಯಿಲ್ಲ ಎಂಬುದನ್ನು ಗಮನಿಸಿ, ಜರ್ಮನಿಯಲ್ಲಿ ಆ ಮಾತನ್ನು ಜಾಹೀರಾತಿನಲ್ಲಿ ಬಳಸಕೂಡದೆಂದು ಫ್ರಾಂಕ್‌ಫರ್ಟ್ ಪ್ರಾದೇಶಿಕ ನ್ಯಾಯಾಲಯವು 2025ರ ಆಗಸ್ಟಿನಲ್ಲಿ ತೀರ್ಪಿತ್ತಿತು. ಬಯಲುಸೀಮೆಯ ರೈತನಿಗೆ ನೀಲಗಿರಿಯನ್ನು ಅಡವಿಯೆಂದು ತೋರಿಸಿ ನಂಬಿಸುವುದು ಕಷ್ಟ. ಅದು ಕಡಿಯಲೆಂದೇ ನೆಡುವ ಮರವೆಂದು ಅವನು ಬಲ್ಲ. ಒಂದು ವಸ್ತುವಿನ ಸ್ಥಾನದಲ್ಲಿ ಅದನ್ನು ಹೋಲುವ ಇನ್ನೊಂದನ್ನಿಟ್ಟು ವ್ಯವಹರಿಸುವುದಕ್ಕೆ ಪ್ರತಿರೂಪಕ ವ್ಯವಹಾರವೆಂದು ಹೆಸರು. ಅದೂ ಅಚೌರ್ಯದ ಅತಿಚಾರಗಳಲ್ಲಿ ಒಂದು.

ಇ-ತ್ಯಾಜ್ಯದ ಲೆಕ್ಕವೂ ಕಾಗದವನ್ನು ನೆಚ್ಚಿಕೊಂಡಿದೆ. ಜೈನ ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಮಲಮೂತ್ರಾದಿಗಳನ್ನು ಜೀವರಹಿತವಾದ ಸ್ಥಳವನ್ನು ನೋಡಿಯೇ ವಿಸರ್ಜಿಸಬೇಕೆಂಬ ಎಚ್ಚರ ಅದು. ಪಡೆಯುವುದರಲ್ಲಿ ಇರುವಷ್ಟೇ ಎಚ್ಚರ ಬಿಡುವುದರಲ್ಲಿಯೂ ಇರಬೇಕೆಂದು ಎರಡೂವರೆ ಸಾವಿರ ವರ್ಷಗಳಿಂದ ನಡೆದುಬಂದ ಆಚಾರ ಹೇಳುತ್ತದೆ. ಇದಕ್ಕೆ ಎದುರಾಗಿ ಲೋಕದ ಸ್ಥಿತಿಯನ್ನು ನೋಡಬಹುದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 2022ರಲ್ಲಿ ಲೋಕದಲ್ಲಿ ಹುಟ್ಟಿದ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದಕ್ಕೆ ದಾಖಲೆಯಿರುವುದು ಶೇ. 22.3ರಷ್ಟಕ್ಕೆ ಮಾತ್ರ. ಉಳಿದುದರಲ್ಲಿ ಒಂದಷ್ಟು ಬಡವರ ಕೇರಿಗಳನ್ನು ಸೇರುತ್ತದೆ. ಅಲ್ಲಿ ತಂತಿಯ ಹೊದಿಕೆಯನ್ನು ಸುಟ್ಟು ತಾಮ್ರ ತೆಗೆಯುತ್ತಾರೆ, ಫಲಕಗಳನ್ನು ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುತ್ತಾರೆ. ಚೀನಾದ ಗುಯಿಯು ಪಟ್ಟಣದ ಇಂತಹ ಸ್ಥಿತಿಯನ್ನು 2002ರಲ್ಲಿ ಎರಡು ಸ್ವಯಂಸೇವಾ ಸಂಸ್ಥೆಗಳು ಬಯಲಿಗೆ ತಂದವು. ಶ್ರೀಮಂತ ದೇಶಗಳಿಂದ ಬಡ ದೇಶಗಳಿಗೆ ಅಪಾಯಕಾರಿ ತ್ಯಾಜ್ಯವನ್ನು ಸಾಗಿಸಬಾರದೆಂದು ಬಾಸೆಲ್ ಒಪ್ಪಂದಕ್ಕೆ 1995ರಲ್ಲಿ ಮಾಡಿದ ತಿದ್ದುಪಡಿ ಜಾರಿಗೆ ಬಂದದ್ದು 2019ರಲ್ಲಿ, ಎಂದರೆ 24 ವರ್ಷಗಳ ಮೇಲೆ.

ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ತಯಾರಕನು ಗೊತ್ತಾದ ಪ್ರಮಾಣದ ತ್ಯಾಜ್ಯ ಸಂಸ್ಕರಣೆಯಾಗುವಂತೆ ನೋಡಿಕೊಳ್ಳಬೇಕು. ಆ ಪ್ರಮಾಣ ಶೇ. 60ರಿಂದ ಹಂತಹಂತವಾಗಿ ಶೇ. 80ಕ್ಕೆ ಏರತಕ್ಕದ್ದು. ಸಂಸ್ಕರಿಸಿದವನಿಗೆ ಪ್ರಮಾಣಪತ್ರ ಸಿಗುತ್ತದೆ; ತಯಾರಕನು ಅದನ್ನು ಕೊಂಡು ತನ್ನ ಹೊಣೆಯನ್ನು ತೀರಿಸುತ್ತಾನೆ. ಪ್ರಮಾಣಪತ್ರದ ಲೆಕ್ಕವಿರುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣಗಳ ಮೇಲೆ. ಬೆಲೆಯುಳ್ಳದ್ದಕ್ಕೆ ಎಣಿಕೆ ಉಂಟು. ಸೀಸ, ಪಾದರಸಗಳು ಎಲ್ಲಿ ಹೋದವೆಂಬುದು ಈ ಎಣಿಕೆಯಿಂದ ತಿಳಿಯದು. ಕಾಗದವು ಕೊಳ್ಳುವ ಮಾರುವ ಸರಕಾದಾಗ ಕೂಟಲೇಖಕ್ರಿಯೆ, ಎಂದರೆ ಸುಳ್ಳು ದಸ್ತಾವೇಜಿನ ಭಯವೂ ಜೊತೆಗೇ ಹುಟ್ಟುತ್ತದೆ. ಪ್ಲಾಸ್ಟಿಕ್ ತ್ಯಾಜ್ಯದ ಇದೇ ಬಗೆಯ ವ್ಯವಸ್ಥೆಯಲ್ಲಿ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರಗಳು 2023ರಲ್ಲಿ ಪತ್ತೆಯಾದವು. ಆಗ ಸಿಕ್ಕಿಬಿದ್ದ ಘಟಕಗಳಲ್ಲಿ ಕರ್ನಾಟಕದ್ದೂ ಇತ್ತೆಂಬುದು ತಲೆತಗ್ಗಿಸುವ ಮಾತು.

ವರದಿ ಹೇಳದ ಮಾತು

ಇಷ್ಟೆಲ್ಲ ದೋಷಗಳನ್ನು ತಿದ್ದಿಕೊಂಡ ವರದಿಯೂ ಒಂದು ಮಾತನ್ನು ಮಾತ್ರ ಹೇಳುವುದಿಲ್ಲ. ಕಡಿಮೆ ಕೊಳ್ಳಿರಿ, ಹೆಚ್ಚು ಕಾಲ ಬಳಸಿರಿ ಎಂಬುದೇ ಆ ಮಾತು. ಒಂದು ಫೋನಿನ ಆಯುಷ್ಯದ ಇಂಗಾಲದ ಹೊರೆಯಲ್ಲಿ ಹೆಚ್ಚಿನ ಪಾಲು ಅದರ ತಯಾರಿಕೆಯಲ್ಲಿಯೇ ಮುಗಿದಿರುತ್ತದೆ. ಬಳಕೆಯ ವಿದ್ಯುತ್ತಿನದು ಸಣ್ಣ ಪಾಲು. ಆದುದರಿಂದ ಎರಡು ವರ್ಷಕ್ಕೆ ಬಿಸಾಡುವ ಫೋನನ್ನು ನಾಲ್ಕು ವರ್ಷ ಬಳಸುವುದೇ ಎಲ್ಲಕ್ಕಿಂತ ದೊಡ್ಡ ಉಳಿತಾಯ. ಉದ್ಯಮದ ನಡೆ ಇದಕ್ಕೆ ವಿರುದ್ಧವಾಗಿದೆ. ಹಳೆಯ ಬ್ಯಾಟರಿಯ ಫೋನುಗಳ ವೇಗವನ್ನು ಬಳಸುವವರಿಗೆ ಸ್ಪಷ್ಟವಾಗಿ ತಿಳಿಸದೆ ತಗ್ಗಿಸುತ್ತಿದ್ದುದನ್ನು ಆಪಲ್ 2017ರಲ್ಲಿ ಒಪ್ಪಿಕೊಂಡಿತು. ಬ್ಯಾಟರಿಯ ರಕ್ಷಣೆಗಾಗಿ ಹಾಗೆ ಮಾಡಿದೆವೆಂದು ಅದರ ಸಮಾಧಾನ. 2020ರಲ್ಲಿ ಫ್ರಾನ್ಸ್ ಸರ್ಕಾರವು ಈ ಮುಚ್ಚುಮರೆಗಾಗಿ ಎರಡೂವರೆ ಕೋಟಿ ಯೂರೊ ದಂಡ ವಿಧಿಸಿತು.

ಪರಿಗ್ರಹ ಪರಿಮಾಣ, ಭೋಗೋಪಭೋಗ ಪರಿಮಾಣ ಎಂಬ ವ್ರತಗಳ ಅರ್ಥ ಇಲ್ಲಿ ತಿಳಿಯುತ್ತದೆ. ಮಿತಿಯಿಲ್ಲದ ಮಾರಾಟವನ್ನು ಗುರಿಯಾಗಿ ಇಟ್ಟುಕೊಂಡು ಮಿತವಾದ ಹಾನಿಯನ್ನು ಸಾಧಿಸುತ್ತೇವೆಂಬುದು ತೂತು ಕೊಡದಲ್ಲಿ ನೀರು ತುಂಬಿಸುವ ಸಾಹಸ. ಕಂಪನಿಗೆ ಅಪರಿಗ್ರಹ ವ್ರತವನ್ನು ಬೋಧಿಸುವುದು ಸಾಧ್ಯವಿಲ್ಲದಿರಬಹುದು. ಅದರ ವಸ್ತುಗಳನ್ನು ಕೊಳ್ಳುವ, ಮಾರುವ, ಅದರ ಷೇರುಗಳನ್ನು ಇಟ್ಟುಕೊಳ್ಳುವ ಶ್ರಾವಕನಿಗೆ ಆ ವ್ರತ ಇದ್ದೇ ಇದೆ. ಅನುಮತವೆಂಬ ಮೂರನೆಯ ಬಾಗಿಲಿನಿಂದ ಕರ್ಮವು ಒಳಬರುವುದು ಅವನ ಮನೆಗೇ.

ಆಕ್ಷೇಪ ಮತ್ತು ಸಮಾಧಾನ

ಇಷ್ಟು ಕಠಿಣವಾದ ವಿಮರ್ಶೆ ನ್ಯಾಯವೇ ಎಂದು ಕೆಲವರು ಕೇಳಬಹುದು. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಪೂರ್ಣವಾಗಿ ತಪ್ಪದು. ಸಂಕಲ್ಪೀ ಹಿಂಸೆಯನ್ನು ಬಿಡುವುದೇ ಅವನ ವ್ರತ. ಆಸ್ಪತ್ರೆಯ ಯಂತ್ರಗಳಿಂದ ಹಿಡಿದು ಮಳೆಯ ಮುನ್ಸೂಚನೆಯವರೆಗೆ ಜೀವರಕ್ಷಣೆಯೂ ಈ ಉದ್ಯಮದಿಂದಲೇ ಆಗುತ್ತಿದೆ. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅನೇಕಾಂತ ದೃಷ್ಟಿಯುಳ್ಳವರು ಅದನ್ನು ತಳ್ಳಿಹಾಕಬಾರದು. ಆದರೆ ಉದ್ಯೋಗೀ ಹಿಂಸೆಗೆ ದೊರೆತ ರಿಯಾಯಿತಿ, ತಪ್ಪಿಸಲಾಗದ ಹಿಂಸೆಗೆ ದೊರೆತದ್ದು. ಬೇಗ ಆರಲೆಂದು ಆರಿಸಿದ ವಿಷವು ತಪ್ಪಿಸಲಾಗದ್ದಾಗಿರಲಿಲ್ಲ.

ತಪ್ಪಿಸಬಹುದೆಂಬುದಕ್ಕೆ ಇದೇ ಉದ್ಯಮದ ಇತಿಹಾಸ ಸಾಕ್ಷಿ. 1980ರ ದಶಕದಲ್ಲಿ ಸರ್ಕ್ಯೂಟ್ ಫಲಕಗಳನ್ನು ತೊಳೆಯಲು ಸಿಎಫ್‌ಸಿ-113 ಎಂಬ ದ್ರಾವಕವನ್ನು ಎಲ್ಲೆಡೆ ಬಳಸುತ್ತಿದ್ದರು. ಅದಿಲ್ಲದೆ ಕೆಲಸ ನಡೆಯದೆಂದು ಉದ್ಯಮವು ನಂಬಿತ್ತು. ಅದು ಓಜೋನ್ ಪದರಕ್ಕೆ ಮಾರಕವೆಂದು ತಿಳಿದು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾದ ಮೇಲೆ, ಕೆನಡಾದ ನಾರ್ದರ್ನ್ ಟೆಲಿಕಾಂ ಮೊದಲಾದ ಕಂಪನಿಗಳು ಬದಲಿ ದಾರಿಯನ್ನು ಹುಡುಕಿದವು. ಪರಸ್ಪರ ಸ್ಪರ್ಧಿಗಳಾದ ಕಂಪನಿಗಳು ಒಂದುಗೂಡಿ ಕಂಡುಕೊಂಡ ವಿಧಾನಗಳನ್ನು ಹಂಚಿಕೊಂಡವು. ತೊಳೆಯುವ ಅಗತ್ಯವೇ ಇಲ್ಲದಂತೆ ಬೆಸುಗೆ ಹಾಕುವ ಕ್ರಮವೂ ಬಳಕೆಗೆ ಬಂದಿತು. ಕೆಲವೇ ವರ್ಷಗಳಲ್ಲಿ ಆ ದ್ರಾವಕ ಮಾಯವಾಯಿತು. ಗುಟ್ಟನ್ನು ಕಾಯದೆ ಹಂಚಿಕೊಂಡದ್ದರಿಂದ ಯಾವ ಕಂಪನಿಯೂ ದಿವಾಳಿಯಾಗಲಿಲ್ಲ. ಯುರೋಪಿನಲ್ಲಿ 2025ರ ಜೂನ್‌ನಿಂದ ಹೊಸ ಮಾದರಿಯ ಫೋನುಗಳಿಗೆ ಬಿಡಿಭಾಗಗಳನ್ನು ಮಾರಾಟ ನಿಂತ ಮೇಲೂ 7 ವರ್ಷ ಒದಗಿಸಬೇಕೆಂಬ ನಿಯಮ ಬಂದಿರುವುದೂ ಇದೇ ದಿಕ್ಕಿನ ಹೆಜ್ಜೆ.

ಜೈನ ಗೃಹಸ್ಥನ ದಿನಚರಿಯಲ್ಲಿ ಪ್ರತಿಕ್ರಮಣವೆಂಬ ಆವಶ್ಯಕವಿದೆ. ಅದರಲ್ಲಿ ಮೊದಲು ದೋಷವನ್ನು ಹೆಸರಿಸಬೇಕು, ಆಮೇಲೆ ಅದಕ್ಕಾಗಿ ನಿಂದಿಸಿಕೊಳ್ಳಬೇಕು, ಆಮೇಲೆ ಪ್ರಾಯಶ್ಚಿತ್ತ, ಕೊನೆಗೆ ಇನ್ನು ಮಾಡೆನೆಂಬ ಪ್ರತ್ಯಾಖ್ಯಾನ. ಇಂದಿನ ಪರಿಸರ ವರದಿ ಕೊನೆಯದರಿಂದ ಆರಂಭವಾಗುತ್ತದೆ. ಅದರ ಮೊದಲ ಪುಟದಲ್ಲಿಯೇ 2030ರ ಪ್ರತಿಜ್ಞೆ ಇರುತ್ತದೆ. ದೋಷವನ್ನು ಮೊದಲ ಪುಟದಲ್ಲಿ, ಊರು ಮತ್ತು ಸಂಖ್ಯೆ ಸಹಿತ, ಮಾಡಿದವರ ಜೊತೆಗೆ ಮಾಡಿಸಿದವರನ್ನೂ ಸೇರಿಸಿ ಬರೆಯುವ ವರದಿ ಬಂದ ದಿನ ಅದನ್ನು ನಂಬಲು ಅಡ್ಡಿಯಿಲ್ಲ. ಅಲ್ಲಿಯವರೆಗೆ ಈ ವ್ಯಾಪಾರದಲ್ಲಿರುವ ಶ್ರಾವಕರು ಅನುಬಂಧದ ಸಣ್ಣ ಅಕ್ಷರಗಳನ್ನು ಮೊದಲು ಓದಲಿ. ಷೇರುದಾರರಾಗಿದ್ದರೆ ವಾರ್ಷಿಕ ಸಭೆಗೆ ಪ್ರಶ್ನೆ ಬರೆದು ಕಳುಹಿಸಲಿ. ಅಂಗಡಿಯವರಾಗಿದ್ದರೆ ದುರಸ್ತಿಗೆ ಬಂದವನಿಗೆ ಹೊಸದನ್ನು ಹೊರಿಸದಿರಲಿ. ಕೆಟ್ಟ ಯಂತ್ರವನ್ನು ಗುಜರಿಯವನ ಗಾಡಿಗೆ ಹಾಕದೆ ಪರವಾನಗಿಯುಳ್ಳ ಸಂಸ್ಕರಣ ಘಟಕಕ್ಕೆ ಮುಟ್ಟಿಸಲಿ. ಅಂತಹ ಘಟಕಗಳು ದಾಬಸ್‌ಪೇಟೆ ಮೊದಲಾದ ಕಡೆ ಕರ್ನಾಟಕದಲ್ಲಿಯೇ ಇವೆ. ನ್ಯಾಯೋಪಾತ್ತ ಧನವೆಂಬ ಮೊದಲ ಗುಣಕ್ಕೆ ಇಷ್ಟಾದರೂ ಸಲ್ಲಬೇಕು.